ನಮ್ಮ ಮಾತು ಇಲ್ಲಿದೆ

ಮೂರು ದಿನದಿಂದ ನಾನು ಹಾಸಿಗೆಯ ಮುಖ ಕಂಡಿರಲಿಲ್ಲ. ಅಲ್ಲೊಂದು ಇಲ್ಲೊಂದು ಗಳಿಗೆ ಹೊಲಿಗೆ ಯಂತ್ರದ ಮೇಲೆ ಹಣೆಯಿಟ್ಟು ತೂಕಡಿಸಿದ್ದುಂಟು, ಅದನ್ನು ನಿದ್ದೆ ಅನ್ನುವವರಿಗೆ ನಿದ್ದೆ ಅಂದರೆ ಏನೆಂದು ಗೊತ್ತಿಲ್ಲ. ಜೂನ್ ಒಂದಕ್ಕೆ ಶಾಲೆ ಶುರು. ನಮ್ಮೂರಿನ ಅಪ್ಪ ಅಮ್ಮಂದಿರಿಗೆ ತಮ್ಮ ಮಕ್ಕಳು ಬೆಳೆದಿರುವುದು ಕಣ್ಣಿಗೆ ಬೀಳುವುದೇ ಮೇ ಇಪ್ಪತ್ತೈದು ಕಳೆದ ಮೇಲೆ. ಆಮೇಲೆ ಎಲ್ಲರೂ ಒಟ್ಟಿಗೆ ಬಟ್ಟೆಯ ಕಟ್ಟು ಹಿಡಿದುಕೊಂಡು ಓಡಿ ಬರುತ್ತಾರೆ. ನೀಲಿ ಚಡ್ಡಿ, ಬಿಳಿ ಅಂಗಿ, ನೀಲಿ ಲಂಗ, ನಾಳೆಯೇ ಬೇಕು ಕೋಮಲಮ್ಮ ಅನ್ನುತ್ತಾರೆ. ನನಗೆ ಕೋಮಲಾ ಅಂತ ಹೆಸರಿಟ್ಟ ಅಜ್ಜಿ ನಾನು ಮಾತು ಕಲಿಯುವ ತನಕ ಬದುಕಿರಲಿಲ್ಲ, ಅದಕ್ಕೇ ಆ ಹೆಸರು ಉಳಿದುಕೊಂಡಿದೆ.

ಹೋದ ವರ್ಷದವರೆಗೆ ಅಂಗಡಿಯಲ್ಲಿ ನಾನೊಬ್ಬಳೇ ಇರಲಿಲ್ಲ. ಕಟಿಂಗ್ ಮಾಸ್ಟರ್ ಗವಿರಂಗಪ್ಪ ಇದ್ದರು. ಅವರು ಕತ್ತರಿಸುವುದು, ನಾನು ಹೊಲಿಯುವುದು. ಅವರ ಮೇಜಿಗೂ ನನ್ನ ಯಂತ್ರಕ್ಕೂ ನಡುವೆ ಎರಡು ಮಾರು ಜಾಗ, ಹನ್ನೊಂದು ವರ್ಷ. ಬಾಯಲ್ಲಿ ಸದಾ ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದರಿಂದ ಮಾತು ಕಡಿಮೆ. ಹೆಂಡತಿ ತೀರಿಕೊಂಡ ಮೇಲೆ ನಮ್ಮೂರಿಗೆ ಬಂದವರು ಅವರು. ನನಗೋ, ಮದುವೆ ಅನ್ನುವುದು ಎರಡು ಸಲ ಬಾಗಿಲ ತನಕ ಬಂದು ಚಪ್ಪಲಿ ಬಿಡದೆ ವಾಪಸು ಹೋಗಿತ್ತು. ನಮ್ಮಿಬ್ಬರ ನಡುವೆ ಏನೂ ಇರಲಿಲ್ಲ. ಅವರು ನನ್ನನ್ನು ‘ನೀವು’ ಅನ್ನುತ್ತಿದ್ದರು, ನಾನು ‘ಮಾಸ್ಟ್ರೇ’ ಅನ್ನುತ್ತಿದ್ದೆ. ಏನೂ ಇಲ್ಲದಿದ್ದರೂ ಅವರು ಊಟಕ್ಕೆ ಹೋಗಿ ಬರುವುದು ಹತ್ತು ನಿಮಿಷ ತಡವಾದರೆ ನನ್ನ ಯಂತ್ರದಲ್ಲಿ ದಾರ ತುಂಡಾಗುತ್ತಿತ್ತು. ಹೋದ ಶ್ರಾವಣದಲ್ಲಿ ನಾಲ್ಕು ದಿನದ ಜ್ವರಕ್ಕೆ ಹೋಗಿಬಿಟ್ಟರು. ಈಗ ಕತ್ತರಿಸುವುದೂ ನಾನೇ, ಹೊಲಿಯುವುದೂ ನಾನೇ.

ಹೋಗುವ ಮೊದಲು ನನಗೊಂದು ಮಾತು ಹೇಳಿದ್ದರು. ಅದು ಇನ್ನೂ ನನಗೆ ತಲುಪಿರಲಿಲ್ಲ. ನಮ್ಮೂರಿನ ಬಯಲಿನಲ್ಲಿ ಆಡಿದ್ದು ಒಂದು ವರ್ಷ ಬಿಟ್ಟು ಕೇಳಿಸುತ್ತದೆ. ಅದೇ ತಾರೀಖು, ಅದೇ ಗಳಿಗೆ, ಆಡಿದ ಜಾಗದಲ್ಲೇ, ಒಂದೇ ಸಲ. ಪರಊರಿನವರು ಇದಕ್ಕೆ ಬಾಯಿ ಬಾಯಿ ಬಿಡುತ್ತಾರೆ. ನಮಗೆ ಅದರಲ್ಲಿ ಅಂಥದ್ದೇನೂ ಕಾಣುವುದಿಲ್ಲ, ಬಿಸಿಲಿದ್ದರೆ ಕೊಡೆ ಹಿಡಿದು ಹೋಗುವ ಹಾಗೆ ಬಯಲಿಗೆ ಹೋಗುವಾಗ ಸ್ಲೇಟು ಬಳಪ ಹಿಡಿದುಕೊಳ್ಳುತ್ತೇವೆ. ಪ್ರತಿ ವರ್ಷ ಮೇ ಇಪ್ಪತ್ತೊಂಬತ್ತಕ್ಕೆ ಅಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಬಯಲು ಸಂಗೀತ. ವೇದಿಕೆಯ ಮೇಲೆ ಈ ವರ್ಷದವರು ಬಾಯಿ ತೆರೆದು ಮುಚ್ಚುತ್ತಾರೆ, ನಮ್ಮ ಕಿವಿಗೆ ಬೀಳುವುದು ಹೋದ ವರ್ಷದವರ ಹಾಡು. ಹಾಡುವವರಿಗೆ ತಮ್ಮ ದನಿ ತಮಗೇ ಕೇಳುವುದಿಲ್ಲ. ಮೃದಂಗದವರು ಅವರ ತೊಡೆಯ ಮೇಲಿನ ಕೈ ನೋಡಿಕೊಂಡು ನುಡಿಸುತ್ತಾರೆ. ಕೆಲವರು ಮರುವರ್ಷ ಬಂದು ಮುಂದಿನ ಸಾಲಿನಲ್ಲಿ ಕೂತು ತಮ್ಮ ಹಾಡನ್ನು ತಾವೇ ಕೇಳಿ, ಎದ್ದು ಹೋಗುತ್ತಾರೆ.

ಹಾಡಿಗಿಂತ ಜನ ಹೆಚ್ಚಾಗಿ ಬರುವುದು ಮಾತಿಗೆ. ಎದುರಿಗೆ ಹೇಳಲಾಗದ್ದನ್ನು ಅಲ್ಲಿ ಕೂತು ಹೇಳಿಬಿಡಬಹುದು. ಅತ್ತೆಗೆ ಮನಸಾರೆ ಬೈಯುವ ಸೊಸೆಯರಿದ್ದಾರೆ, ತಪ್ಪಾಯಿತು ಅನ್ನುವ ಗಂಡಂದಿರಿದ್ದಾರೆ. ಮಾತು ತಲುಪುವ ಹೊತ್ತಿಗೆ ಸಿಟ್ಟು ಆರಿರುತ್ತದೆ, ನಾಚಿಕೆ ಹಳತಾಗಿರುತ್ತದೆ. ಇದಕ್ಕೆ ಒಂದು ಮರ್ಯಾದೆ ಇದೆ. ಬಯಲಿನಲ್ಲಿ ಯಾರಾದರೂ ನಿಮ್ಮ ಕಡೆ ತಿರುಗಿ ಬಾಯಿ ತೆರೆದರೆ ತುಟಿ ನೋಡಬಾರದು, ಮುಖ ತಿರುಗಿಸಬೇಕು. ಹೊರಗೆ ಬಂದ ಮೇಲೆ ಏನಂದಿರಿ ಅಂತ ಕೇಳಬಾರದು. ಹೋದ ವರ್ಷ ವೇದಿಕೆಯ ಮೇಲಿದ್ದ ದಪ್ಪನೆಯ ಗಾಯಕ ಮೂರನೆಯ ಹಾಡು ಮುಗಿಸಿ ನೀರಿನ ಚೊಂಬು ಎತ್ತಿದಾಗ ಮಾಸ್ಟ್ರು ನನ್ನ ಕಡೆ ತಿರುಗಿದರು. ನಾನು ಮರ್ಯಾದಸ್ಥೆಯ ಹಾಗೆ ವೇದಿಕೆ ನೋಡುತ್ತಾ ಕೂತೆ. ಅವರು ಬಹಳ ಹೊತ್ತು ಮಾತಾಡಿದರು ಅನ್ನುವುದಷ್ಟೇ ಕಡೆಗಣ್ಣಿಗೆ ಕಂಡಿತು.

ಆ ಮಾತು ಏನಿರಬಹುದು ಅಂತ ಒಂದು ವರ್ಷ ಯೋಚಿಸಿದ್ದೇನೆ. ಬೆಳಿಗ್ಗೆ ಒಂದು ಊಹೆ, ಸಂಜೆ ಇನ್ನೊಂದು. ಬೇರೆ ಊರಿಗೆ ಹೋಗುತ್ತೇನೆ ಅಂದಿರಬಹುದು. ನೀವು ಕಾಲರ್ ಸರಿಯಾಗಿ ಕೂರಿಸುವುದಿಲ್ಲ ಅಂದಿರಬಹುದು, ಅದೂ ಸುಳ್ಳಲ್ಲ. ನಾನು ಬಯಸಿದ್ದನ್ನು ಮಾತ್ರ ನನಗೆ ನಾನೇ ಹೇಳಿಕೊಳ್ಳಲಿಲ್ಲ. ಜ್ವರದಲ್ಲಿ ಮಲಗಿದ್ದಾಗ ಗಂಜಿ ತೆಗೆದುಕೊಂಡು ಹೋಗಿ ಮಂಚದ ಪಕ್ಕ ಕೂತಿದ್ದೆ. ಕೇಳಬೇಕೆಂದು ಗಂಟಲ ತನಕ ಬಂದಿತ್ತು. ಅವರಿಗೆ ಗೊತ್ತಾಯಿತೋ ಏನೋ, “ಮೇ ತಿಂಗಳು ಬರ್ಲಿ ಕೋಮಲಮ್ಮ” ಅಂದರು. ಮೇ ತಿಂಗಳು ಬಂತು, ಅವರು ಇಲ್ಲ. ಅವರದೆಂದು ನನಗೆ ಉಳಿದಿದ್ದು ಆ ಮಾತೊಂದೇ. ಅದೂ ಒಂದೇ ಸಲ ಕೇಳಿಸಿ ಮುಗಿದುಹೋಗುತ್ತದೆ.

ಇಪ್ಪತ್ತೊಂಬತ್ತರ ಬೆಳಿಗ್ಗೆ ಹತ್ತಕ್ಕೆ ದೇವೀರಿ ಬಂದು ಅಂಗಡಿಯ ಬಾಗಿಲಲ್ಲಿ ನಿಂತಳು. ಪಕ್ಕದ ಗುಂಡಿ, ದಾರ, ಲೇಸಿನ ಅಂಗಡಿ ಅವಳದು. ಒಂದನೆಯ ಕ್ಲಾಸಿನಿಂದ ನನ್ನ ಗೆಳತಿ. ಹೋದ ವರ್ಷವೂ ನಮ್ಮ ಜೊತೆ ಬಯಲಿಗೆ ಬಂದಿದ್ದವಳು.

“ಕನ್ನಡಿ ನೋಡ್ಕೊಂಡ್ಯೇನೇ ಕೋಮಲಿ? ಕಣ್ಣು ಎರಡೂ ಕೆಂಡ ಆಗ್ಬಿಟ್ಟವೆ” ಅಂದಳು.

“ಇನ್ನೂ ನಾಲ್ಕು ಲಂಗಕ್ಕೆ ಅಂಚು ಮಡಿಸೋದಿದೆ.”

“ಸೋಮವಾರದೊಳಗೆ ಆ ಹುಡ್ಗೀರೇನು ಬೆಳೆದು ನನ್ನಷ್ಟಾಗಲ್ಲ. ಏಳು.”

ಎದ್ದೆ. ನೆಲ ಸ್ವಲ್ಪ ತೂಗಿತು. “ದೇವೀರಿ, ಅಲ್ಲಿ ನಾನು ನಿದ್ದೆ ಹೋಗ್ಬಿಟ್ರೆ?”

“ನಾನ್ಯಾಕಿರೋದು? ಚಿವುಟ್ತೀನಿ. ಅದಕ್ಕೂ ಏಳ್ಲಿಲ್ಲ ಅಂದ್ರೆ ಒಂಬತ್ತನೇ ನಂಬರಿನ ಸೂಜಿ ತಂದಿದ್ದೀನಿ.”

“ಅದಕ್ಕೂ ಏಳ್ಲಿಲ್ಲ ಅಂದ್ರೆ ನೀನೇ ಕೇಳಿಸ್ಕೊಂಡು ಆಮೇಲೆ ನಂಗೆ ಹೇಳ್ಬಿಡು.”

“ಥೂ, ಸುಮ್ನಿರೇ. ಆ ಯಪ್ಪ ಹೇಳಿದ್ದು ನಿಂಗೆ. ನಾನು ಹೇಳಿದ್ರೆ ಅದು ದೇವೀರಿ ಮಾತಾಗುತ್ತೆ” ಅಂದು ನನ್ನ ಸ್ಲೇಟನ್ನೂ ತಾನೇ ಕಂಕುಳಲ್ಲಿ ಇಟ್ಟುಕೊಂಡಳು.

ದಾರಿಯುದ್ದಕ್ಕೂ ಅವಳು ಗಂಡನನ್ನು ಬೈಯುತ್ತಾ ಬಂದಳು. ಬಯಲಿನ ಗೇಟಿನ ಕಲ್ಲುಕಂಬಗಳನ್ನು ದಾಟುತ್ತಿದ್ದ ಹಾಗೆ ಅವಳ ಬಾಯಿ ಆಡುತ್ತಲೇ ಇತ್ತು, ದನಿ ನಿಂತುಹೋಯಿತು. ಅಲ್ಲಿಂದ ಒಳಗೆ ಹೋದ ವರ್ಷದ ಗದ್ದಲ. ಜನವೋ ಜನ. ಹಾಸಿದ ಚಾಪೆಗೆ ಚಾಪೆ ತಾಗಿ ಕಾಲಿಡಲು ನೆಲ ಕಾಣುತ್ತಿರಲಿಲ್ಲ. ಎಲ್ಲರ ತೊಡೆಯ ಮೇಲೂ ಸ್ಲೇಟು, ಬೆರಳಿಗೆಲ್ಲ ಬಳಪದ ಪುಡಿ. ಇಲ್ಲದ ಕಡಲೆಕಾಯಿಯವನೊಬ್ಬ ನಮ್ಮ ಕಿವಿಯ ಪಕ್ಕದಲ್ಲೇ ಕೂಗುತ್ತಾ ಹೋದ. ಇಬ್ಬರು ಪರಊರಿನವರು ಪಾಪ, ಜೇಬಿಗೆ ಕೈ ಹಾಕಿ ಸುತ್ತಲೂ ನೋಡಿದರು. ಅಲ್ಲಲ್ಲಿ ಕೆಲವರು ಬರಿಯ ನೆಲದ ಕಡೆ ಬಾಗಿ ಕಿವಿಗೊಟ್ಟು ಕೂತಿದ್ದರು, ಅವರನ್ನು ತುಳಿಯದೆ ಎಲ್ಲರೂ ಸುತ್ತಿ ಹೋಗುತ್ತಿದ್ದರು.

ನಮ್ಮ ಜಾಗ ಹದಿನಾಲ್ಕನೆಯ ದೀಪದ ಕಂಬದ ಬುಡ. ಕಂಬದ ಮೇಲೆ ಬಿಳಿ ಬಣ್ಣದಲ್ಲಿ ದೊಡ್ಡದಾಗಿ ನಂಬರು ಬರೆದಿದ್ದನ್ನು ಹೋದ ವರ್ಷವೇ ನೋಡಿಟ್ಟುಕೊಂಡಿದ್ದೆ. ಹದಿನಾಲ್ಕು ಸಿಕ್ಕಿತು, ಜಾಗವೂ ಖಾಲಿಯಿತ್ತು. ನಾನು ಎಷ್ಟು ಅದೃಷ್ಟವಂತೆ ಅಂದುಕೊಂಡು ಚಾಪೆ ಹಾಸಿದೆ. ಬಲಕ್ಕೆ ದೇವೀರಿಯನ್ನು ಕೂರಿಸಿ, ಎಡಕ್ಕೆ ಅವರು ಕೂತಿದ್ದಷ್ಟು ಜಾಗ ಬಿಟ್ಟೆ. ವೇದಿಕೆಯ ಮೇಲೆ ಈ ಸಲ ಸಣ್ಣ ವಯಸ್ಸಿನ ಹೆಣ್ಣುಮಗಳು, ಹಸಿರು ಸೀರೆ. ಅವಳು ಬಾಯಿ ತೆರೆದಾಗ ಆ ದಪ್ಪನೆಯ ಗಾಯಕನ ದನಿ ಕೇಳಿಸಿತು. ಒಳ್ಳೆಯ ದನಿ. ಜೋಲಿಯಲ್ಲಿ ಹಾಕಿ ತೂಗುವಂಥ ದನಿ. ನನ್ನ ಆ ಹೊತ್ತಿನ ಶತ್ರು ಅವನೇ.

ನಿದ್ದೆ ಹೇಗೆ ಬಂತು ಅಂದರೆ, ಮೊದಲು ಕಾಲು ಹೋಯಿತು, ಆಮೇಲೆ ಸೊಂಟ, ಆಮೇಲೆ ಬಿಸಿಲು. ಹಸಿರು ಸೀರೆ ನೀಲಿಯಾಗಿ, ನೀಲಿ ಲಂಗವಾಗಿ, ಅದಕ್ಕೆ ನಾನು ಅಂಚು ಮಡಿಸುತ್ತಿದ್ದೆ. ದೇವೀರಿ ಚಿವುಟಿದಳು. ಕಣ್ಣು ಬಿಟ್ಟೆ. ಸ್ಲೇಟಿನಲ್ಲಿ ‘ಒಂದ್ನೇ ಹಾಡು’ ಅಂತಿತ್ತು. ಇನ್ನೊಂದು ಸಲ ಚಿವುಟಿದಾಗ ‘ಎರಡು’. ನನ್ನ ತೋಳು ಕೆಂಪಾಗಿತ್ತು, ಆದರೆ ನೋವು ಕೂಡ ಎಲ್ಲೋ ಪಕ್ಕದ ಮನೆಯವರಿಗೆ ಆಗುತ್ತಿರುವ ಹಾಗೆ ದೂರವಿತ್ತು. ಮೂರನೆಯದು ಶುರುವಾಯಿತೋ ಇಲ್ಲವೋ ತಿಳಿಯದು, ತಲೆ ವಾಲಿ ಎದೆಗೆ ಬಿತ್ತು. ಆಗ ಎಡಗಡೆಯಿಂದ ಒಂದು ಗಂಡು ದನಿ ಬಂತು.

“ಇನ್ನೂ ಎಷ್ಟು ದಿನ ಹಿಂಗೇ ಇರೋದು ಹೇಳು? ನೀನು ಎದುರಿಗಿಲ್ದೆ ಇದ್ರೆ ನಂಗೆ ತುತ್ತು ಇಳಿಯಲ್ಲ. ನಿಂಗೆ ಇದು ಗೊತ್ತಿಲ್ವಾ?”

ನೀನು ಅಂದಿದ್ದರು. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಅನ್ನದವರು ನೀನು ಅಂದಿದ್ದರು. ಗಾಯಕ ಇನ್ನೂ ಹಾಡುತ್ತಿದ್ದಾನಲ್ಲ, ನೀರು ಕುಡಿದಿಲ್ಲವಲ್ಲ ಅನ್ನುವುದು ನನಗೆ ಹೊಳೆಯಲೇ ಇಲ್ಲ. ನನ್ನ ನೆನಪೇ ತಪ್ಪಿರಬೇಕು ಅಂದುಕೊಂಡೆ. ಅರೆಗಣ್ಣಿನಲ್ಲಿ ಕೂತು ಅತ್ತೆ. ಸಂತೋಷಕ್ಕೆ ಅತ್ತೆ, ಗೊತ್ತಿತ್ತು ಗೊತ್ತಿತ್ತು ಅಂತ ತಲೆಯಾಡಿಸಿದೆ. ಸತ್ತವರ ಬಾಯಲ್ಲಿ ಇಷ್ಟು ಕೇಳಿಸಿಕೊಂಡೆನಲ್ಲ, ಇನ್ನು ಇಲ್ಲೇ ಚಾಪೆಯ ಮೇಲೆ ಬಿದ್ದುಕೊಂಡು ಸಂಜೆಯ ತನಕ ಮಲಗಿಬಿಡುತ್ತೇನೆ ಅಂತ ಕಾಲು ಚಾಚಿದೆ.

ದೇವೀರಿ ನನ್ನ ಭುಜ ಹಿಡಿದು ಅಲುಗಿಸಿದಳು. ಅಳುತ್ತಲೇ ನಕ್ಕೆ. ಅವಳು ನಗಲಿಲ್ಲ. ಕುತ್ತಿಗೆ ಚಾಚಿ ದೂರ ನೋಡುತ್ತಿದ್ದವಳು ಸ್ಲೇಟು ನನ್ನ ಮೂಗಿಗೆ ಹಿಡಿದಳು.

‘ನನ್ನ ದನಿ ಅಲ್ಲಿಂದ ಬತ್ತಾ ಇದೆ.’

ಕಿವಿಗೊಟ್ಟೆ. ಇಪ್ಪತ್ತು ಹೆಜ್ಜೆ ಆಚೆ, ಮುಂದಿನ ಕಂಬದ ಕಡೆಯಿಂದ, ಹಾಡನ್ನೂ ಮೀರಿಸಿ, ಹೋದ ವರ್ಷದ ದೇವೀರಿ ಕೂಗಾಡುತ್ತಿದ್ದಳು: “ಏನು ಸೆಖೆನಪ್ಪ! ಈ ಮುಂದಿರೋ ಮಹಾರಾಯಂದು ತಲೆನೋ ಬಂಡೆನೋ, ಒಂದೂ ಕಾಣಿಸ್ತಿಲ್ಲ.” ನಮ್ಮೂರಿನಲ್ಲಿ ಅಂಥ ಗಂಟಲು ಎರಡನೆಯದಿಲ್ಲ. ಬರುವಾಗ ಕಂಡೂ ಗಮನಿಸದಿದ್ದದ್ದು ಆಗ ಹೊಳೆಯಿತು: ಗೇಟಿನ ಹತ್ತಿರ ಹೊಸದೊಂದು ಕಂಬ ನೆಟ್ಟು, ಎಲ್ಲ ಕಂಬಗಳಿಗೂ ಸಮಿತಿಯವರು ಹೊಸದಾಗಿ ನಂಬರು ಬರೆಸಿದ್ದರು. ನಮ್ಮ ಹದಿನಾಲ್ಕು ಈಗ ಹದಿನೈದಾಗಿತ್ತು. ನಾನು ಕೂತು ಅತ್ತಿದ್ದು ಯಾರದೋ ಜಾಗದಲ್ಲಿ, ಯಾರಿಗೋ ಯಾರೋ ಹೇಳಿದ ಮಾತಿಗೆ.

ಆ ನೀನು ನನ್ನದಲ್ಲ. ಇದು ತಿಳಿದಾಗ ಆದ ಸಂಕಟ ಹೇಳಿ ಪ್ರಯೋಜನವಿಲ್ಲ. ಆದರೆ ಸಂಕಟಕ್ಕೆ ಕೂರಲು ಹೊತ್ತಿರಲಿಲ್ಲ, ಮೂರನೆಯ ಹಾಡು ನಡೆಯುತ್ತಿತ್ತು. ದೇವೀರಿ ನನ್ನ ರಟ್ಟೆ ಹಿಡಿದು ಎಳೆದಳು. ಚಾಪೆ ಬಿಟ್ಟೆವು, ಚಪ್ಪಲಿ ಬಿಟ್ಟೆವು. ಇಪ್ಪತ್ತು ಹೆಜ್ಜೆಗೆ ಇನ್ನೂರು ಮಂದಿ. ನಿದ್ದೆಗಾಲಿನಲ್ಲಿ ಯಾರ ಬುತ್ತಿ ತುಳಿದೆನೋ, ಯಾರ ಮಡಿಲಲ್ಲಿ ಬಿದ್ದು ಎದ್ದೆನೋ. ಅವರು ಬೈದಿದ್ದೆಲ್ಲ ಬರುವ ವರ್ಷ ಅಲ್ಲಿ ಕೂರುವವರ ಕಿವಿಗೆ. ಗಾಯಕ ಹಾಡಿನ ಕೊನೆಗೆ ಬಂದು ಒಂದೇ ಸಾಲನ್ನು ಎಳೆಯುತ್ತಿದ್ದ. ಎಳಿ ಮಹಾರಾಯ, ಇನ್ನೂ ಎಳಿ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ಐದು ನಿಮಿಷದ ಹಿಂದೆ ಅವನನ್ನು ಶಪಿಸುತ್ತಿದ್ದವಳೂ ನಾನೇ.

ಹದಿನೈದರ ಬುಡದಲ್ಲಿ ದೊಡ್ಡದೊಂದು ಸಂಸಾರ ಜಮಖಾನ ಹಾಸಿ ಪೂರಿ ತಿನ್ನುತ್ತಿತ್ತು. ನಡುವೆ ದಪ್ಪ ಕನ್ನಡಕದ ಅಜ್ಜಿಯೊಬ್ಬರು ಕಾಲು ನೀಡಿ ಕೂತಿದ್ದರು, ಸರಿಯಾಗಿ ನನ್ನ ಜಾಗದಲ್ಲೇ. ಸ್ಲೇಟಿನಲ್ಲಿ ಬರೆಯಲು ಹೋದರೆ ನನ್ನ ಬಳಪ ಮುರಿಯಿತು. ದೇವೀರಿ ಕಿತ್ತುಕೊಂಡು ದೊಡ್ಡಕ್ಷರದಲ್ಲಿ ಬರೆದಳು: ‘ನಮ್ಮ ಮಾತು ಇಲ್ಲಿದೆ.’

ನಮ್ಮೂರಿನಲ್ಲಿ ಈ ಮೂರು ಪದಕ್ಕೆ ಇಲ್ಲ ಅಂದವರಿಲ್ಲ. ಇಡೀ ಸಂಸಾರ ಪೂರಿಯ ತಟ್ಟೆ ಎತ್ತಿಕೊಂಡು ಎದ್ದಿತು. ಅಜ್ಜಿ ನನ್ನ ಮುಖ ನೋಡಿದರು. ಯಾರ ಮಾತು, ಏನು ಕಥೆ ಅಂತ ಅವರು ಸ್ಲೇಟಿನಲ್ಲಿ ಬರೆದು ಕೇಳಲಿಲ್ಲ. ಸೆರಗಿನಿಂದ ಜಮಖಾನದ ಮೇಲಿನ ಚೂರುಪಾರು ಒರೆಸಿ, ತಾವು ಹಿಂದೆ ಸರಿದು, ಮೂವರು ಕೂರುವಷ್ಟು ಬಿಟ್ಟುಕೊಟ್ಟರು. ಇನ್ನೊಬ್ಬರು ಹಿಂದಿನಿಂದ ಬರುತ್ತಿದ್ದಾರೆ ಅಂದುಕೊಂಡಿರಬೇಕು. ನಾನು ಕುಸಿದು ಕೂತೆ. ಹಾಡು ಮುಗಿಯಿತು. ಚಪ್ಪಾಳೆ ಆಯಿತು. ಚೊಂಬು ಎತ್ತಿದ ಸದ್ದು, ಗಾಯಕ ಗಟಗಟ ನೀರು ಕುಡಿದ ಸದ್ದು ಕೂಡ ಮೈಕಿನಲ್ಲಿ ಬಂತು.

“ಕೋಮಲಮ್ಮ” ಅಂದರು ಮಾಸ್ಟ್ರು.

ಗುಂಡುಸೂಜಿಯಿಲ್ಲದ, ಸ್ವಲ್ಪ ಒಣಗಿದ ದನಿ. ಆ ಇನ್ನೊಂದು ದನಿಯನ್ನು ಅವರದೆಂದು ಹೇಗಾದರೂ ನಂಬಿದೆನೋ. ಇದು ಕಿವಿಯ ಪಕ್ಕದಲ್ಲೇ ಇತ್ತು. ಎಷ್ಟು ಪಕ್ಕದಲ್ಲೆಂದರೆ ನಾನು ಸರಿದು ಜಾಗ ಬಿಟ್ಟೆ.

“ಕೋಮಲಮ್ಮ, ನಿಮಗೆ ನಿದ್ದೆ ಎಳೀತಾ ಇದೆ. ಪ್ರತಿ ವರ್ಷ ನೋಡ್ತೀನಿ. ತೂಗ್ತೀರ, ಬೆಚ್ಚಿ ಎದ್ದು ಕೂರ್ತೀರ, ಮತ್ತೆ ತೂಗ್ತೀರ. ಈಗ ಹೇಳಿದ್ರೆ ನಿಮಗೆ ಕೇಳಿಸಲ್ಲ. ಅಂಗಡೀಲಿ ಹೇಳೋದಕ್ಕೆ ನನಗೆ ಬಾಯಿ ಬರಲ್ಲ. ಅದಕ್ಕೇ ಬರೋ ವರ್ಷಕ್ಕೆ ಹೇಳಿಡ್ತಾ ಇದ್ದೀನಿ. ಆಗ್ಲೂ ಇದೇ ಯೂನಿಫಾರಂ ಇರುತ್ತೆ, ಇದೇ ನಿದ್ದೆ ಇರುತ್ತೆ. ನಾನೂ ಇಲ್ಲೇ ಪಕ್ಕದಲ್ಲೇ ಕೂತಿರ್ತೀನಿ. ಇದು ಕೇಳಿಸಿದ ಕೂಡ್ಲೆ ನನ್ನ ಭುಜಕ್ಕೆ ಒರಗಿಕೊಳ್ಳಿ. ಯಾರು ನೋಡಿದ್ರೂ ನೋಡ್ಲಿ.”

ಅಲ್ಲಿಗೆ ನಿಂತಿತು. ಮುಗಿಯಿತು ಅಂದುಕೊಂಡೆ. ಉಸಿರು ಎಳೆದುಕೊಂಡದ್ದು ಕೇಳಿಸಿತು. ಆಮೇಲೆ ತುಂಬ ತಗ್ಗಿದ ದನಿಯಲ್ಲಿ, ಕತ್ತರಿ ಹಾಕುವ ಮೊದಲು ಬಟ್ಟೆಯನ್ನು ಮೈಮೇಲೆ ಇಟ್ಟು ನೋಡುವ ಹಾಗೆ, ಒಂದು ಪದ ಹೇಳಿ ನೋಡಿದರು.

“ಒರಗಿಕೋ.”

ಅದು ಅವರಿಗೇ ಹಿಡಿಸಿರಬೇಕು. “ಬೇಡ ಅನ್ನಿಸಿದ್ರೆ ಬೇಡ, ನಾನೇನೂ ಅಂದ್ಕೊಳ್ಳಲ್ಲ. ಬೇಕೋ ಬೇಡ್ವೋ, ಆಗ ಹೇಳು” ಅಂದರು. ಗಾಯಕ ನಾಲ್ಕನೆಯ ಹಾಡು ಎತ್ತಿಕೊಂಡ.

ದೇವೀರಿ ಸ್ಲೇಟನ್ನು ಬೋರಲು ಹಾಕಿದಳು. ಅವಳಿಗೂ ಎಲ್ಲ ಕೇಳಿಸಿತ್ತು. ನನ್ನ ಬಲಗೈಯನ್ನು ತನ್ನ ಎರಡು ಕೈಯಲ್ಲಿ ಇಟ್ಟುಕೊಂಡಳು. ಇಷ್ಟು ದಿನ ನಾನು ಊಹಿಸಿದ್ದರಲ್ಲಿ ದೊಡ್ಡ ದೊಡ್ಡ ಮಾತುಗಳಿದ್ದವು, ತಾಳಿಯಿತ್ತು, ಮನೆಯಿತ್ತು, ಜನ ಆಡಿಕೊಳ್ಳುವುದಿತ್ತು. ಅವರು ಕೇಳಿದ್ದು ನನ್ನ ತಲೆಯ ಭಾರವನ್ನು. ಮೈಯೆಲ್ಲ ಎಡಕ್ಕೆ ವಾಲುತ್ತಿತ್ತು. ಮೂರು ದಿನದ್ದಷ್ಟೇ ಅಲ್ಲ, ಹನ್ನೊಂದು ವರ್ಷದ ದಣಿವು ಅದು, ಒರಗುವುದಕ್ಕೆ ಅಷ್ಟು ಹತ್ತಿರ ಒಂದು ಭುಜವಿತ್ತು ಅಂತ ಇಷ್ಟು ದಿನ ಅದಕ್ಕೆ ಗೊತ್ತಿರಲಿಲ್ಲ. ಅವರ ಮೇಲೆ ಸಿಟ್ಟು ಬಂತು, ಪಕ್ಕದಲ್ಲೇ ಕೂತಿರ್ತೀನಿ ಅಂದಿದ್ದರಲ್ಲ. ನನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು. ಅಜ್ಜಿ ಬಿಟ್ಟುಕೊಟ್ಟ ಮೂರನೆಯವರ ಜಾಗ ಖಾಲಿಯಾಗಿತ್ತು, ಅಷ್ಟು ಜನಜಂಗುಳಿಯಲ್ಲಿ ಅಲ್ಲಿ ಮಾತ್ರ ಯಾರೂ ಕೂರಲಿಲ್ಲ.

ನಾನು ಆ ಜಾಗದ ಕಡೆ ತಿರುಗಿ ಕೂತೆ. ಅವರು ಕೇಳಿದ್ದಕ್ಕೆ ಉತ್ತರ ಹೇಳಬೇಕಿತ್ತು. ಹೇಳಿದ್ದು ಬರುವ ವರ್ಷ ಯಾರ ಕಿವಿಗೆ ಬೀಳುತ್ತದೋ ಬೀಳಲಿ.

“ಬೇಕು” ಅಂದೆ. ಗಟ್ಟಿಯಾಗಿಯೇ ಅಂದೆ. ನನಗೂ ಕೇಳಿಸಲಿಲ್ಲ.